ಎಫ್‌ಎಂಆರ್‌ಐ ಮತ್ತು ಇಇಜಿ ಏಕಕಾಲಕ್ಕೆ ಬೇಕೇ, ಬೇರೆ ಬೇರೆ ತೆಗೆದರೆ ಸಾಕೇ?

ಪ್ರಶ್ನೆ | ಮನೋವೈದ್ಯಶಾಸ್ತ್ರ ಪಿಜಿ, ಕಲಬುರಗಿ
ಈಚೆಗೆ ಸ್ಕಿಜೋಫ್ರೇನಿಯಾ ಶುರುವಾದವರ ಬಗ್ಗೆ ಎಫ್‌ಎಂಆರ್‌ಐ (ಎಂಆರ್‌ಐ ಯಂತ್ರದಲ್ಲಿ ಮಿದುಳಿನ ಚಟುವಟಿಕೆ ನೋಡುವುದು) ಮತ್ತು ಇಇಜಿ (ತಲೆಯ ಮೇಲಿನ ಎಲೆಕ್ಟ್ರೋಡ್‌ಗಳಿಂದ ಮಿದುಳಿನ ವಿದ್ಯುತ್ ಅಲೆ ದಾಖಲಿಸುವುದು) ಎರಡನ್ನೂ ಬಳಸುವ ಪ್ರಬಂಧ ಯೋಜಿಸುತ್ತಿದ್ದೇನೆ. ಸಿಗುವುದು 1.5 ಟೆಸ್ಲಾ (ಕಾಂತಬಲದ ಅಳತೆ) ಎಂಆರ್‌ಐ, ಆಸ್ಪತ್ರೆಯ ಸಾಮಾನ್ಯ 32 ಚಾನಲ್ ಇಇಜಿ. ಸ್ಕ್ಯಾನರ್ ಒಳಗೇ ಇಇಜಿಯನ್ನೂ ತೆಗೆಯಬಹುದೇ? ಪೆಟ್ (ವಿಕಿರಣಶೀಲ ವಸ್ತು ಚುಚ್ಚಿ ತೆಗೆಯುವ ಸ್ಕ್ಯಾನ್) ಸೇರಿಸಬಹುದೇ? ಮೇ ತಿಂಗಳಲ್ಲಿ ಆರಂಭಿಸುವ ಯೋಚನೆ.

ಉತ್ತರ 1 | ನ್ಯೂರೋಇಮೇಜಿಂಗ್
ಆ ಇಇಜಿ ಕ್ಯಾಪನ್ನು ಮ್ಯಾಗ್ನೆಟ್ ಕೋಣೆಗೆ ದಯವಿಟ್ಟು ಒಯ್ಯಬೇಡಿ. ಸ್ಕ್ಯಾನರಿನ ರೇಡಿಯೋ ತರಂಗದಿಂದ ತಂತಿಯಲ್ಲಿ ಕರೆಂಟ್ ಹುಟ್ಟಿ ಎಲೆಕ್ಟ್ರೋಡ್ ಕೆಳಗಿನ ಚರ್ಮ ಸುಡಬಹುದು. ಎಂಆರ್‌ಐಗೆಂದೇ ಮಾಡಿದ ಕ್ಯಾಪ್‌ನಲ್ಲಿ ಕರೆಂಟ್ ತಡೆಯುವ ರೆಸಿಸ್ಟರ್‌ಗಳಿರುತ್ತವೆ. ಅದರ ಆಂಪ್ಲಿಫೈಯರ್ ಸೆಕೆಂಡಿಗೆ ಸುಮಾರು 5000 ಸ್ಯಾಂಪಲ್ ತೆಗೆದುಕೊಂಡು ಸ್ಕ್ಯಾನರಿನ ಗಡಿಯಾರದೊಂದಿಗೆ ಹೆಜ್ಜೆ ಹಾಕುತ್ತದೆ. ಅಷ್ಟಿದ್ದರೂ ಗ್ರೇಡಿಯಂಟ್ (ಚಿತ್ರಕ್ಕಾಗಿ ಸ್ಕ್ಯಾನರ್ ಬದಲಿಸುತ್ತಿರುವ ಕಾಂತಕ್ಷೇತ್ರ) ಇಇಜಿಯಲ್ಲಿ ಮೂಡಿಸುವ ಗದ್ದಲ ಮಿದುಳಿನ ಅಲೆಗಿಂತ ನೂರಾರು ಪಟ್ಟು ದೊಡ್ಡದು. ಅದನ್ನು ಕಳೆದ ಮೇಲೂ ಪ್ರತಿ ಎದೆಬಡಿತದ ಕುಲುಕು ಉಳಿಯುತ್ತದೆ.

ಇಷ್ಟೆಲ್ಲ ಕಷ್ಟ ಅಪಸ್ಮಾರದಲ್ಲಿ ಸಾರ್ಥಕ, ಏಕೆಂದರೆ ಅಲ್ಲಿ ಸ್ಪೈಕ್ (ಅಪಸ್ಮಾರದ ಚೂಪಾದ ಅಲೆ) ಬಂದ ಕ್ಷಣವೇ ಮುಖ್ಯ. ನಿಮ್ಮ ಪ್ರಶ್ನೆ ವ್ಯಕ್ತಿ-ವ್ಯಕ್ತಿಗಳ ನಡುವಿನ ವ್ಯತ್ಯಾಸದ್ದು. ಒಂದೇ ದಿನ ಎರಡನ್ನೂ ಬೇರೆ ಬೇರೆ ತೆಗೆದರೆ ಸಾಕು. ಇಇಜಿಯಲ್ಲಿ ಮಿಸ್‌ಮ್ಯಾಚ್ ನೆಗೆಟಿವಿಟಿ ನೋಡಿ: ಒಂದೇ ಬಗೆಯ ಸದ್ದುಗಳ ನಡುವೆ ಬೇರೊಂದು ಸದ್ದು ಬಂದಾಗ 100-250 ಮಿಲಿಸೆಕೆಂಡಿನಲ್ಲಿ ಏಳುವ ಈ ಅಲೆ ಸ್ಕಿಜೋಫ್ರೇನಿಯಾದಲ್ಲಿ ಕುಗ್ಗಿರುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದ ಸಂಗತಿ.

ಪೆಟ್ ಕೈಬಿಡಿ. ಪೆಟ್‌ಗೆ ಚುಚ್ಚುವ ಎಫ್‌ಡಿಜಿಯಲ್ಲಿರುವ ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅದನ್ನು ಹೈದರಾಬಾದಿನಿಂದ ರಸ್ತೆಯಲ್ಲಿ ತರಲು ನಾಲ್ಕು ತಾಸು ಹಿಡಿದರೆ ಉಳಿಯುವುದು ಕಾಲುಭಾಗಕ್ಕೂ ಕಡಿಮೆ.

ಉತ್ತರ 2 | ಇಇಜಿ ತಂತ್ರಜ್ಞ, ಬೀದರ್
ಮೊದಲ ಇಇಜಿ, ಆಮ್ಯಾಲ ಎಂಆರ್‌ಐ ಮಾಡ್ರಿ. ಸ್ಕ್ಯಾನರ್ ಸಪ್ಪಳ ಕೇಳಿದ ಕಿವಿಗಿ ಲಗೂನ ಸದ್ದಿನ ಪರೀಕ್ಷೆ ಇಡಬ್ಯಾಡ್ರಿ. ನಡುವ ಎಲೆಕ್ಟ್ರೋಡ್ ಪೇಸ್ಟ್ ಹೋಗೂ ಹಂಗ ತಲಿ ತೊಳಸ್ರಿ.

ತಲಿಗಿ ಎಣ್ಣಿ ಹಚ್ಚಿಕೊಂಡು ಬಂದ್ರ ಇಂಪೀಡೆನ್ಸ್ (ಎಲೆಕ್ಟ್ರೋಡ್-ಚರ್ಮದ ನಡುವಿನ ವಿದ್ಯುತ್ ಅಡ್ಡಿ) ಇಳಿಯಂಗಿಲ್ಲ. ಹಿಂದಿನ ದಿನ ಶಾಂಪೂ ಹಾಕಿ ತೊಳಕೊಂಡು ಬರ್ರಿ ಅಂತ ಚೀಟಿ ಬರದು ಕೊಡ್ರಿ. 5 ಕಿಲೋಓಮ್ ಕೆಳಗ ಬರೋತನಕ ರೆಕಾರ್ಡ್ ಶುರು ಮಾಡಬ್ಯಾಡ್ರಿ. ಮೇ ಬಿಸಲಾಗ ಬೆವರಿನಿಂದ ಇಇಜಿ ಗೆರಿ (ಬೇಸ್‌ಲೈನ್) ನಿಧಾನಕ್ಕ ತೇಲಾಡ್ತದ. ಕೋಣಿ ತಣ್ಣಗಿರದಿದ್ರ ಡಿಸೆಂಬರಿಗಿ ಶುರು ಮಾಡೋದೇ ಪಾಡ.

ಇನ್ನೊಂದು, ಲ್ಯಾಪ್‌ಟಾಪ್ ಮಾರ್ಕರ್ (ಸದ್ದಿನ ಹೊತ್ತು ತೋರಿಸೂ ಗುರುತು) ಕಳಿಸಿದ ಮ್ಯಾಲ ಸದ್ದು ತಡಾ ಆಗಿ ಬರ್ತದ. ಒಂದೇ ಸಮ ತಡಾ ಆದ್ರ ಕಳೀಬಹುದು. ಒಮ್ಮೆ 10, ಒಮ್ಮೆ 40 ಮಿಲಿಸೆಕೆಂಡ್ ಆದ್ರ ಸರಾಸರಿ ತೆಗೆದಾಗ ಅಲೆ ಮಸುಕಾಗಿ ಸಣ್ಣದಾಗ್ತದ. ರೋಗಿ ಕೂಡ್ರೂಕಿಂತ ಮೊದಲ ಅಳೀರಿ.

ಪ್ರಶ್ನೆ ಕೇಳಿದವರು
ಬಹಳ ಉಪಕಾರವಾಯಿತು. ಎಂಆರ್‌ಐ ಸೆಟ್ಟಿಂಗ್, ಔಷಧಿಗಳ ಬಗ್ಗೆಯೂ ಹೇಳುವಿರಾ?

ಉತ್ತರ 1
1.5 ಟೆಸ್ಲಾದಲ್ಲಿ ಟಿಇ (ರೇಡಿಯೋ ಮಿಡಿತದಿಂದ ಸಂಕೇತ ಹಿಡಿಯುವವರೆಗಿನ ಹೊತ್ತು) 45-50 ಮಿಲಿಸೆಕೆಂಡ್ ಇಡಿ. 3 ಟೆಸ್ಲಾ ಪ್ರಬಂಧಗಳ 30 ಅನ್ನು ನಕಲು ಮಾಡಿದರೆ ಬೋಲ್ಡ್ ಸಂಕೇತ (ಎಫ್‌ಎಂಆರ್‌ಐ ಅಳೆಯುವ ಸಂಕೇತ) ಸೊರಗುತ್ತದೆ. ಟಿಆರ್ (ಇಡೀ ಮಿದುಳಿನ ಒಂದು ಚಿತ್ರಕ್ಕೆ ಹಿಡಿಯುವ ಹೊತ್ತು) 2.5 ಸೆಕೆಂಡ್, 240 ವಾಲ್ಯೂಮ್ (ಅಂಥ ಚಿತ್ರಗಳು) ಎಂದರೆ 10 ನಿಮಿಷ. ಕಣ್ಣು ತೆರೆದು ಒಂದು ಗುರುತನ್ನೇ ನೋಡುತ್ತಿರಲಿ. ಕಣ್ಣು ಮುಚ್ಚಿಸಿದರೆ ಹಲವರು ನಿದ್ದೆಗೆ ಜಾರುತ್ತಾರೆ, ಆಗ ನೀವು ಅಳೆಯುವುದು ನಿದ್ದೆಯನ್ನು. ಊಟದ ನಂತರದ ಸಮಯ ಕೊಡಬೇಡಿ. ಜೊತೆಗೆ 1 ಮಿಲಿಮೀಟರ್ ಟಿ1 (ಮಿದುಳಿನ ರಚನೆ ತೋರಿಸುವ ಸ್ಕ್ಯಾನ್) ಬೇಕು. ಫೇಸ್ ದಿಕ್ಕು (ಚಿತ್ರ ತಿರುಚುವ ದಿಕ್ಕು) ತಿರುಗಿಸಿದ ಒಂದು ಸಣ್ಣ ಸ್ಕ್ಯಾನನ್ನೂ ತೆಗೆಸಿ, ಇಲ್ಲವಾದರೆ ಹಣೆಯ ಹಿಂದಿನ ಭಾಗದ ತಿರುಚು ಸರಿಪಡಿಸಲಾಗದು. ಫಿಲ್ಮ್, ರಿಪೋರ್ಟ್ ಸಾಲದು. ಪೂರ್ತಿ ಡೈಕಾಮ್ (ಸ್ಕ್ಯಾನರಿನ ಮೂಲ ಚಿತ್ರ) ಫೈಲುಗಳನ್ನು ಅದೇ ದಿನ ಪಡೆಯಿರಿ.

ಬೋಲ್ಡ್ ತೋರಿಸುವುದು ರಕ್ತದ ಆಮ್ಲಜನಕವನ್ನು, ನರಕೋಶವನ್ನು ನೇರವಾಗಿ ಅಲ್ಲ. ನಮ್ಮ ಭಾಗದಲ್ಲಿ ರಕ್ತಹೀನತೆ ವ್ಯಾಪಕವಾಗಿರುವುದರಿಂದ ಎಲ್ಲರ ಹಿಮೋಗ್ಲೋಬಿನ್ ಅದೇ ದಿನ ಅಳೆಯಿರಿ. ಚಹಾ, ತಂಬಾಕು, ಗುಟ್ಖಾ ಕೊನೆಗೆ ಎಷ್ಟೊತ್ತಿಗೆ ಎಂದು ಬರೆದಿಡಿ. ಲೊರಾಜೆಪಾಮ್ ಇಇಜಿಯಲ್ಲಿ ಬೀಟಾ ಅಲೆ ಹೆಚ್ಚಿಸುತ್ತದೆ, ಕ್ಲೋಜಪೈನ್ ಅಲೆಗಳನ್ನು ನಿಧಾನಗೊಳಿಸುತ್ತದೆ. ಹಾಗೆಂದು ಅಧ್ಯಯನಕ್ಕಾಗಿ ಯಾರ ಔಷಧಿಯನ್ನೂ ನಿಲ್ಲಿಸಬೇಡಿ. ಡೋಸ್ ದಾಖಲಿಸಿ ವಿಶ್ಲೇಷಣೆಯಲ್ಲಿ ಸೇರಿಸಿ.

ಎರಡನ್ನೂ ಕೂಡಿಸುವಾಗ ಇಇಜಿಯಿಂದ ಒಂದು, ಎಂಆರ್‌ಐಯಿಂದ ಎರಡು ಅಳತೆ ಸಾಕು, ಅವನ್ನು ದತ್ತಾಂಶ ನೋಡುವ ಮೊದಲೇ ಬರೆದಿಡಿ. 40 ಜನರ ಮೇಲೆ ಸಾವಿರ ಅಳತೆ ಹಾಕಿದರೆ ಏನಾದರೊಂದು ಸಂಬಂಧ ಸಿಕ್ಕೇ ಸಿಗುತ್ತದೆ, ಮುಂದಿನ 40 ಜನರಲ್ಲಿ ಅದು ಇರುವುದಿಲ್ಲ.

ಉತ್ತರ 2
ಕಾಲುಂಗುರ, ಮೂಗುಬಟ್ಟು ಬಿಚ್ಚೂದು ಸ್ಕ್ಯಾನ್ ದಿನ ಹೇಳಿದ್ರ ಮನಿಯವರು ಒಪ್ಪೂದಿಲ್ಲ. ಒಪ್ಪಿಗಿ ಪತ್ರ ಓದಿ ಹೇಳೂ ಮುಂದನ ತಿಳಿಸ್ರಿ.