ರಾಗಿ ಕ್ರ್ಯಾಕರ್ಸ್ ಲಟ್ಟಿಸುವಾಗಲೇ ಬಿರಿಯುತ್ತದೆ, ಗೋಧಿ ಸೇರಿಸುವ ಹಾಗಿಲ್ಲ. ಏನು ಮಾಡಲಿ?

ಮಂಡ್ಯದ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಎಂಟು ವರ್ಷ. ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ದೇಹಕ್ಕೆ ಆಗದ ಕಾಯಿಲೆ, ಇದೆ ಅಂತ ಈಚೆಗೆ ಗೊತ್ತಾಯಿತು. ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಕೊಡಬೇಡಿ ಎಂದಿದ್ದಾರೆ ಡಾಕ್ಟರ್. ಊಟಕ್ಕೆ ತೊಂದರೆ ಇಲ್ಲ. ಮುದ್ದೆ, ಅನ್ನ, ಅಕ್ಕಿ ರೊಟ್ಟಿ ಹೇಗೂ ಇದೆ. ಕಷ್ಟ ಇರುವುದು ಸ್ಕೂಲಿನ ತಿಂಡಿ ಡಬ್ಬಿಗೆ. ದಿನಾ ಕರಿದದ್ದು ಕೊಡಲು ಮನಸ್ಸಿಲ್ಲ. ಓವನ್‌ನಲ್ಲಿ ರಾಗಿ ಕ್ರ್ಯಾಕರ್ಸ್ ಮಾಡೋಣ ಅಂದರೆ ಲಟ್ಟಿಸುವಾಗಲೇ ಅಂಚು ಬಿರಿಯುತ್ತದೆ, ಎತ್ತಿದರೆ ಮುರಿಯುತ್ತದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಹೊಸ ಅಡುಗೆ:
ಓಟ್ಸ್ ಪುಡಿ ಸೇರಿಸಿ ನೋಡಿ ಮೇಡಂ, ಅಂಟು ಬರುತ್ತದೆ. ಬೇಕರಿಯಲ್ಲೂ ರಾಗಿ ಬಿಸ್ಕತ್ತು ಸಿಗುತ್ತದೆ ಅಲ್ವಾ?

ಕುವೆಂಪುನಗರದ ಅಡುಗೆಮನೆ:
ಎರಡೂ ಬೇಡಮ್ಮ. ಬೇಕರಿಯ ರಾಗಿ ಬಿಸ್ಕತ್ತಿಗೆ ಸಾಮಾನ್ಯವಾಗಿ ಮೈದಾನೋ ಗೋಧಿನೋ ಬೆರೆಸಿರುತ್ತಾರೆ. ಮಾಮೂಲಿ ಓಟ್ಸ್‌ಗೆ ಹೊಲದಲ್ಲೋ ಮಿಲ್ಲಿನಲ್ಲೋ ಗೋಧಿ ಸೇರಿಕೊಂಡಿರುತ್ತದೆ. ನಮ್ಮ ಯಜಮಾನರಿಗೂ ಇದೇ ಕಾಯಿಲೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ನೀವು ತಣ್ಣೀರಲ್ಲಿ ಕಲಸುತ್ತಿದ್ದೀರಿ ಅನಿಸುತ್ತದೆ. ಗೋಧಿ ಹಿಟ್ಟಿಗೆ ನೀರು ಬಿದ್ದರೆ ಗ್ಲುಟೆನ್ ಕಟ್ಟಿಕೊಂಡು ಹಿಟ್ಟು ಹಿಗ್ಗುತ್ತದೆ. ರಾಗಿ, ಅಕ್ಕಿಗೆ ಆ ಗುಣ ಇಲ್ಲ. ಅವುಗಳಲ್ಲಿರುವ ಪಿಷ್ಟ ಬಿಸಿ ನೀರಲ್ಲಿ ಬೆಂದರೆ ಮಾತ್ರ ಅಂಟಾಗುತ್ತದೆ. ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸುತ್ತೀರಲ್ಲ, ಇದಕ್ಕೂ ಹಾಗೇ ಮಾಡಿ.

ಒಂದು ಲೋಟ ರಾಗಿ ಹಿಟ್ಟು, ಅರ್ಧ ಲೋಟ ಅಕ್ಕಿ ಹಿಟ್ಟು, ಕಾಲು ಲೋಟ ಹುರಿಗಡಲೆ ಪುಡಿ. ಹುರಿಗಡಲೆ ಬಿಡಬೇಡಿ, ನಿಪ್ಪಟ್ಟಿನ ಹಾಗೆ ಗರಿಗರಿ ಬರುವುದು ಅದರಿಂದಲೇ. ಬಿಳಿ ಎಳ್ಳು, ಜೀರಿಗೆ, ಉಪ್ಪು, ಎರಡು ಚಮಚ ಎಣ್ಣೆ ಹಾಕಿ ಉಜ್ಜಿ. ಒಂದು ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಚಮಚ ನೀರಲ್ಲಿ ನೆನೆಸಿದರೆ ಲೋಳೆಯಾಗುತ್ತದೆ, ಅದನ್ನೂ ಸೇರಿಸಿ. ಆಮೇಲೆ ಕುದಿಯುವ ನೀರು. ಮುಕ್ಕಾಲು ಲೋಟದಿಂದ ಶುರು ಮಾಡಿ, ಸೌಟಿನಲ್ಲಿ ತಿರುವಿ, ಮುಚ್ಚಿ ಕಾಲು ಗಂಟೆ ಬಿಡಿ. ಕೈಗೆ ತಡೆಯುವಷ್ಟು ಬಿಸಿ ಇರುವಾಗ ಚೆನ್ನಾಗಿ ನಾದಿ.

ಬಟರ್ ಪೇಪರ್ ಎರಡರ ನಡುವೆ ಇಟ್ಟು ಲಟ್ಟಿಸಿ, ಎರಡು ಮಿಲಿಮೀಟರಿಗಿಂತ ದಪ್ಪ ಬೇಡ. ಮೇಲಿನ ಪೇಪರ್ ತೆಗೆದು, ಅಲ್ಲೇ ಚಾಕುವಿನಿಂದ ಗೆರೆ ಎಳೆದು, ಫೋರ್ಕಿನಿಂದ ಚುಚ್ಚಿ, ಕೆಳಗಿನ ಪೇಪರ್ ಸಮೇತ ಟ್ರೇಗೆ ಇಡಿ. ಒಂದೊಂದಾಗಿ ಎತ್ತುವ ಗೊಡವೆಯೇ ಇಲ್ಲ. 170 ಡಿಗ್ರಿಯಲ್ಲಿ 15ರಿಂದ 20 ನಿಮಿಷ. ರಾಗಿ ಮೊದಲೇ ಕಪ್ಪು, ಬಣ್ಣ ನೋಡಿ ಬೆಂದಿದೆ ಅನ್ನಲು ಆಗಲ್ಲ. ಹುರಿದ ಘಮ ಬಂದಾಗ ಒಂದನ್ನು ತೆಗೆದು ಆರಿಸಿ ಮುರಿದು ನೋಡಿ. ಟಕ್ ಅಂದರೆ ಸರಿ. ಬಾಗಿದರೆ ಉರಿ 120ಕ್ಕೆ ಇಳಿಸಿ ಇನ್ನೂ ಸ್ವಲ್ಪ ಹೊತ್ತು ಒಣಗಿಸಿ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಹಿಟ್ಟು ಎಲ್ಲಿ ಬೀಸಿಸುತ್ತೀರಿ? ಬೀದಿಯ ಮಿಲ್ಲಿನಲ್ಲಿ ಗೋಧಿ ಬೀಸಿದ ಕಲ್ಲಿಗೇ ನಿಮ್ಮ ರಾಗಿ ಸುರಿದರೆ ಮಗಳ ಹೊಟ್ಟೆಗೆ ಗೋಧಿ ಹೋದ ಹಾಗೆಯೇ. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದ ಪ್ರಕಾರ ಗ್ಲುಟೆನ್ ಇಲ್ಲ ಎಂದು ಬರೆಯಬೇಕಾದರೆ ಒಂದು ಕೆಜಿ ಪದಾರ್ಥದಲ್ಲಿ ಅದು 20 ಮಿಲಿಗ್ರಾಂ ದಾಟಬಾರದು. ಯೋಚನೆ ಮಾಡಿ, ಎಷ್ಟು ಕಡಿಮೆ! ನಾನು ರಾಗಿ, ಅಕ್ಕಿ ಎರಡನ್ನೂ ಆರಿಸಿ, ತೊಳೆದು, ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ ಜರಡಿ ಹಿಡಿಯುತ್ತೇನೆ. ಜರಡಿ ಕೂಡ ಬೇರೆ. ಚಪಾತಿ ಲಟ್ಟಣಿಗೆ, ಮಣೆ ಇದಕ್ಕೆ ಮುಟ್ಟಿಸಬೇಡಿ, ಮರದ ಸಂದಿಯಲ್ಲಿ ಹಿಟ್ಟು ಉಳಿದಿರುತ್ತದೆ. ಡಬ್ಬಿ ಇಂಗಿಗೂ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸುವುದು ಮಾಮೂಲು, ಚೀಟಿ ಓದಿಯೇ ಕೊಳ್ಳಿ.

ಮಂಡ್ಯದ ಅಮ್ಮ:
ತುಂಬಾ ಥ್ಯಾಂಕ್ಸ್ ಅಕ್ಕ. ಮಿಲ್ಲಿನ ವಿಷಯ ಯಾರೂ ಹೇಳಿರಲಿಲ್ಲ. ಇನ್ನೊಂದು ಕೇಳಲಾ? ನನ್ನ ತವರು ಮದ್ದೂರು. ಅಲ್ಲಿಗೆ ಹೋದರೆ ಮಗಳು ವಡೆ ಬೇಕೇ ಬೇಕು ಅಂತ ಹಟ ಮಾಡುತ್ತಾಳೆ. ಅಕ್ಕಿ ಹಿಟ್ಟಿನದಲ್ವಾ, ಕೊಡಬಹುದಾ?

ಕುವೆಂಪುನಗರದ ಅಡುಗೆಮನೆ:
ಬೇಡಮ್ಮ. ಮದ್ದೂರು ವಡೆಗೆ ಅಕ್ಕಿ ಹಿಟ್ಟಿನ ಜೊತೆ ಚಿರೋಟಿ ರವೆ, ಮೈದಾ ಬೀಳುತ್ತದೆ. ಅಜ್ಜಿ ಮನೆಯವರಿಗೆ ನೀವೇ ಕೂರಿಸಿಕೊಂಡು ಹೇಳಿ. ಒಂದು ಚೂರು ತಿಂದರೆ ಏನಾಗುತ್ತೆ ಅಂತ ಪ್ರೀತಿಯಿಂದಲೇ ಕೊಟ್ಟುಬಿಡುತ್ತಾರೆ. ಹೊಟ್ಟೆ ನೋಯದಿದ್ದರೂ ಒಳಗೆ ಸಣ್ಣ ಕರುಳಿಗೆ ಪೆಟ್ಟು ಬೀಳುತ್ತದೆ.

ಆ ರುಚಿಯನ್ನು ಕ್ರ್ಯಾಕರ್ಸ್‌ಗೆ ತರಬಹುದು. ರಾಗಿ ಕಡಿಮೆ ಮಾಡಿ ಅಕ್ಕಿ ಹಿಟ್ಟು ಜಾಸ್ತಿ ಹಾಕಿ. ಈರುಳ್ಳಿ, ಕರಿಬೇವು ಸಣ್ಣಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಪಸೆ ಆರುವ ತನಕ ಹುರಿದು ಸೇರಿಸಿ. ಹಸಿ ಈರುಳ್ಳಿ ಹಾಕಿದರೆ ಸಂಜೆಗೇ ಮೆತ್ತಗಾಗುತ್ತದೆ.

ಓವನ್ ಇಲ್ಲದ ಮನೆ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಇದನ್ನೇ ಕಾವಲಿ ಮೇಲೆ ಮಾಡಬಹುದಾ?

ಕುವೆಂಪುನಗರದ ಅಡುಗೆಮನೆ:
ಆಗುತ್ತದೆ. ದಪ್ಪ ತಳದ ಕಾವಲಿ, ತೀರಾ ಸಣ್ಣ ಉರಿ. ಮುಚ್ಚಬೇಡಿ, ಹಬೆಗೆ ಮೆತ್ತಗಾಗುತ್ತದೆ. ಮಗುಚುತ್ತಾ ಒಣಗಿಸಿ. ಚಪಾತಿ ಬೇಯಿಸುವ ಕಾವಲಿ ಮಾತ್ರ ಬೇಡ.