ಎಸ್‌ಟಿಪಿ ರಿಪೋರ್ಟ್ ಎಲ್ಲ ಪಾಸ್, ಕೆರೆ ಮಾತ್ರ ಹಸಿರು. ಯಾಕೆ?

ಏರಿಮೇಲೆ_ಮೈಸೂರು:
ಮೈಸೂರಿನ ದಕ್ಷಿಣಕ್ಕಿರೋ ಬಡಾವಣೆ ನಮ್ಮದು, ಹೆಸರು ಬೇಡ. ನಮ್ಮ ಎಸ್‌ಟಿಪಿ, ಅಂದ್ರೆ ಕೊಳಚೆನೀರು ಶುದ್ಧೀಕರಣ ಘಟಕ, ದಿನಕ್ಕೆ ಸುಮಾರು 10 ಲಕ್ಷ ಲೀಟರ್ ಶುದ್ಧಮಾಡಿ ಹಿಂದಿನ ಕೆರೆಗೆ ಬಿಡುತ್ತೆ. ಔಟ್‌ಲೆಟ್ ಹತ್ತಿರ ನಿಂತು ನೋಡಿದೀನಿ, ನೀರು ತಿಳಿಯಾಗಿದೆ, ವಾಸನೆ ಇಲ್ಲ. ರಿಪೋರ್ಟಲ್ಲಿ ಬಿಒಡಿ 9. ಆದರೂ ಶಿವರಾತ್ರಿ ಕಳೆದರೆ ಸಾಕು, ಕೋಡಿ ಕಡೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಪಾಚಿ. ತೂಬಿನ ಹತ್ತಿರ ಅಂತರಗಂಗೆ. ಬೆಳಗ್ಗೆ ವಾಕಿಂಗ್ ಹೋದರೆ ಸತ್ತ ಮೀನು. ಪ್ಲಾಂಟಿನವರು "ನಮ್ಮದೆಲ್ಲ ಲಿಮಿಟ್ ಒಳಗಿದೆ ಸಾರ್, ಗದ್ದೆ ಗೊಬ್ಬರ ಇರಬೇಕು" ಅಂತಾರೆ. ಸುತ್ತ ಈಗ ಗದ್ದೆ ಎಲ್ಲಿದೆ? ಎಲ್ಲ ಸೈಟೇ. ಯಾರ ಮಾತು ಸರಿ?

ಪದ್ಮಕ್ಕ_ಲ್ಯಾಬ್:
ಅವರ ಮಾತಲ್ಲಿ ಮೊದಲರ್ಧ ನಿಜ, ಉಳಿದದ್ದು ಸಬೂಬು. ಎಸ್‌ಟಿಪಿ ಲ್ಯಾಬಲ್ಲೇ ನನ್ನ ಸರ್ವಿಸ್ ಮುಗಿದದ್ದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಬಿಒಡಿ ಅಂದ್ರೆ ಕೊಳೆಯೋ ಪದಾರ್ಥದ ಲೆಕ್ಕ ಅಷ್ಟೆ. ಗಾಳಿ ಊದೋ ಬ್ಲೋಯರ್ ಓಡಿಸಿದರೆ ಇಳಿಯುತ್ತೆ. ಮಲಮೂತ್ರ, ಸೋಪಿನಪುಡಿಯಿಂದ ಬರೋ ನೈಟ್ರೋಜನ್, ಫಾಸ್ಫರಸ್ ನೀರಲ್ಲಿ ಕರಗಿರುತ್ತೆ, ನೀರು ಎಷ್ಟೇ ತಿಳಿಯಾಗಿದ್ರೂ. ಗಾಳಿ ಊದಿದರೆ ಅಮೋನಿಯಾ ಹೋಗಿ ನೈಟ್ರೇಟ್ ಆಗುತ್ತೆ, ನೀರಲ್ಲೇ ಉಳಿಯುತ್ತೆ. ಆ ನೀರನ್ನ ಗಾಳಿ ಇಲ್ಲದ ತೊಟ್ಟಿಗೆ ವಾಪಸ್ ತಂದು, ಹಸಿ ಕೊಳಚೆ ಜೊತೆ ಬೆರೆಸಿದರೆ ಮಾತ್ರ ಬ್ಯಾಕ್ಟೀರಿಯಾ ಅದನ್ನ ಅನಿಲ ಮಾಡಿ ಹಾರಿಸುತ್ತೆ. ಫಾಸ್ಫರಸ್‌ಗೆ ಆ ದಾರಿಯೂ ಇಲ್ಲ. ಸ್ಲಡ್ಜ್, ಅಂದ್ರೆ ತೊಟ್ಟಿಯ ಕೆಸರಿನ ಜೊತೆ ಹೊರಗೆ ಬರಬೇಕು, ಇಲ್ಲಾ ಕೆರೆಗೆ ಹೋಗಬೇಕು.

ಔಟ್‌ಲೆಟ್‌ನಲ್ಲಿ ಲೀಟರ್‌ಗೆ 5 ಮಿಲಿಗ್ರಾಂ ಫಾಸ್ಫರಸ್ ಇದೆ ಅಂತಿಟ್ಟುಕೊಳ್ಳಿ. 10 ಲಕ್ಷ ಲೀಟರ್‌ಗೆ ದಿನಕ್ಕೆ 5 ಕೆಜಿ, ವರ್ಷಕ್ಕೆ 1,825 ಕೆಜಿ. ಕೆರೆ ನೀರಲ್ಲಿ ಲೀಟರ್‌ಗೆ 0.1 ಮಿಲಿಗ್ರಾಂ ದಾಟಿದರೇ ಪಾಚಿಗೆ ಸುಗ್ಗಿ. ಆ ಪಾಚಿ ಹಗಲು ಆಮ್ಲಜನಕ ಕೊಡುತ್ತೆ, ರಾತ್ರಿ ತಾನೇ ಉಸಿರಾಡಿ ಖಾಲಿ ಮಾಡುತ್ತೆ. ನಿಮ್ಮ ಮೀನು ಬೆಳಗಿನ ಜಾವ ಸಾಯೋದು ಬಹುಪಾಲು ಇದಕ್ಕೇ.

ರಿಪೋರ್ಟಲ್ಲಿ ಫಾಸ್ಫರಸ್ ಕಾಲಮ್ಮೇ ಇರಲ್ಲ, ನೋಡಿ. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಎಸ್‌ಟಿಪಿ ಮಾನದಂಡದಲ್ಲಿ ಪಿಎಚ್, ಬಿಒಡಿ, ತೇಲುಕಣ, ಫೀಕಲ್ ಕೋಲಿಫಾರ್ಮ್ (ಮಲದ ಬ್ಯಾಕ್ಟೀರಿಯಾ) ಅಷ್ಟೆ. 2019ರ ಏಪ್ರಿಲ್ 30ರ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಆದೇಶದಲ್ಲಿ ಲೀಟರ್‌ಗೆ ಒಟ್ಟು ನೈಟ್ರೋಜನ್ 10, ಕೆರೆಗೆ ಬಿಡೋದಾದರೆ ಒಟ್ಟು ಫಾಸ್ಫರಸ್ 1 ಮಿಲಿಗ್ರಾಂ ಅಂತ ಬಂತು. ಅದನ್ನ ಮುಂದಿಟ್ಟು ಕೇಳಿ.

ಗದ್ದೆಬಯಲು_ಮಂಡ್ಯ:
ಪದ್ಮಕ್ಕ, ಅಷ್ಟೊಂದು ಗೊಬ್ಬರ ಇರೋ ನೀರ್ನ ಕೆರೆಗ್ ಯಾಕ್ ಬುಡ್ಬೇಕು? ನಮ್ ಕಡೆ ಡಿಎಪಿ ಮೂಟೆಗೆ ಸೊಸೈಟಿ ಮುಂದೆ ಕ್ಯೂ ನಿಂತ್ಕತೀವಿ. ಸೀಮೆಹುಲ್ಗೆ ಹಾಯ್ಸಿದ್ರೆ ಹಸೂಗೂ ಮೇವು, ಕೆರೇನೂ ಉಳೀತದೆ.

ಏರಿಮೇಲೆ_ಮೈಸೂರು:
ಅಣ್ಣ, ಮಳೆಗಾಲದಲ್ಲಿ ಯಾರು ಹಾಯಿಸ್ಕೋತಾರೆ? ಬಾಗಿಲು ತೆಗೆದು ಕೆರೆಗೇ ಬಿಡ್ತಾರೆ.

ನೈಟ್ರೋಜನ್ ಒಂದನ್ನೇ ತೆಗೆಸಿದರೆ ಆಗಲ್ವಾ ಮೇಡಂ? ಪ್ಲಾಂಟಿನವರು ಅದಕ್ಕೆ ಒಪ್ಪೋ ಹಾಗಿದ್ದಾರೆ.

ಪದ್ಮಕ್ಕ_ಲ್ಯಾಬ್:
ಆಗಲ್ಲ. ನೀಲಿಹಸಿರು ಪಾಚಿಯಲ್ಲಿ ಕೆಲವು ಜಾತಿ ಗಾಳಿಯಿಂದಲೇ ನೈಟ್ರೋಜನ್ ಹಿಡ್ಕೊಳ್ಳುತ್ತೆ. ಕೆನಡಾದ ಒಂಟಾರಿಯೋದಲ್ಲಿ 1973ರಲ್ಲಿ 226ನೇ ನಂಬರಿನ ಕೆರೆಗೆ ಅಡ್ಡ ಪರದೆ ಕಟ್ಟಿ ನೋಡಿದ್ರು. ಎರಡೂ ಕಡೆ ಇಂಗಾಲ, ನೈಟ್ರೋಜನ್ ಹಾಕಿದ್ರು, ಒಂದು ಕಡೆಗೆ ಮಾತ್ರ ಫಾಸ್ಫರಸ್ ಸೇರಿಸಿದ್ರು. ಹಸಿರಾಗಿದ್ದು ಅದೊಂದೇ ಕಡೆ. ನೈಟ್ರೋಜನ್ ತೆಗೆದರೆ ಕಾವೇರಿ, ಕಪಿಲೆಗೆ ಒಳ್ಳೇದೇ, ಬೇಡ ಅನ್ನಲ್ಲ. ನಿಮ್ಮ ಕೆರೆಗೆ ಮೊದಲು ಫಾಸ್ಫರಸ್.

ಸಣ್ಣ ಪ್ಲಾಂಟಿಗೆ ಸುಲಭದ ದಾರಿ ಪಟಿಕ. ಲೆಕ್ಕಕ್ಕೆ ಒಂದು ಕೆಜಿ ಫಾಸ್ಫರಸ್‌ಗೆ ಹತ್ತು ಕೆಜಿ, ನಿಜಕ್ಕೆ ಹೆಚ್ಚುಕಡಿಮೆ ಎರಡರಷ್ಟು. 5ರಿಂದ 1ಕ್ಕೆ ಇಳಿಸೋಕೆ ದಿನಕ್ಕೆ 80 ಕೆಜಿ ಹತ್ತಿರ. ಸ್ಲಡ್ಜ್ ಜಾಸ್ತಿ ಆಗುತ್ತೆ, ಅದನ್ನ ಎಲ್ಲಿಗೆ ಸಾಗಿಸ್ತೀರಿ ಅಂತ ಮೊದಲೇ ಕೇಳಿ. ಸೆಟ್ಲಿಂಗ್ ತೊಟ್ಟಿಯಿಂದ ಸ್ಲಡ್ಜ್ ತೇಲಿ ಹೋದ್ರೆ ಪಟಿಕದ ದುಡ್ಡು ನೀರಿಗೆ.

1 ಮಿಲಿಗ್ರಾಂ ಅಂದ್ರೂ ಕೆರೆಗೆ ಜಾಸ್ತಿಯೇ. ಆದ್ದರಿಂದ ಮಂಡ್ಯದ ಅಣ್ಣ ಹೇಳಿದ್ದನ್ನ ತಳ್ಳಿಹಾಕಬೇಡಿ. ಬೇಸಿಗೆಯಲ್ಲಿ ಸೀಮೆಹುಲ್ಲಿಗೆ ಬಿಡಿ, ಹಸಿಯಾಗಿ ತಿನ್ನೋ ಸೊಪ್ಪು ತರಕಾರಿಗೆ ಮಾತ್ರ ಬೇಡ. ಮಳೆಗಾಲಕ್ಕೆ ಕೆರೆಗೆ ಮುಂಚೆ ಒಂದು ಜೊಂಡಿನ ತೇವಭೂಮಿ ಇರಲಿ, ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಇದೆ. ಜೊಂಡು ಕೊಯ್ದು ಹೊರಗೆ ಹಾಕ್ತಾ ಇರಬೇಕು, ಕೊಳೆಯೋಕೆ ಬಿಟ್ಟರೆ ಹೀರಿದ್ದೆಲ್ಲ ವಾಪಸ್. ನಿಮ್ಮವರು ಅಂತರಗಂಗೆ ತೆಗೆದು ಏರಿ ಮೇಲೆ ರಾಶಿ ಹಾಕ್ತಾರಾ?

ಏರಿಮೇಲೆ_ಮೈಸೂರು:
ಹಾಕ್ತಾರೆ! ಫೋಟೋ ತೆಗೆಸ್ಕೊಂಡು.

ಪದ್ಮಕ್ಕ_ಲ್ಯಾಬ್:
ಒಂದು ಮಳೆ ಬಿದ್ರೆ ಅದರ ರಸ ಕೆರೆಗೇ ಇಳಿಯುತ್ತೆ. ಟ್ರಾಕ್ಟರ್ ಕರೆಸಿ ಹೊಲದವರಿಗೆ ಕೊಡಿ.

ಇನ್ನೊಂದು, ಪ್ಲಾಂಟ್ ಸರಿಹೋದ ಮರುವರ್ಷವೇ ಕೆರೆ ತಿಳಿಯಾಗುತ್ತೆ ಅಂತ ಯಾರಿಗೂ ಮಾತು ಕೊಡಬೇಡಿ. ತಳದಲ್ಲಿ ಆಮ್ಲಜನಕ ಇಲ್ಲದಾಗ ಹೂಳಿಗೆ ಅಂಟಿದ ಫಾಸ್ಫರಸ್ ಬಿಟ್ಟುಕೊಳ್ಳುತ್ತೆ, ವರ್ಷಗಟ್ಟಲೆ.

ಈಗ ಮಾಡಬೇಕಾದ್ದು ಸ್ಯಾಂಪಲ್. ಔಟ್‌ಲೆಟ್‌ದು ಒಂದು, ರಾಜಕಾಲುವೆ ಕೆರೆಗೆ ಸೇರೋ ಜಾಗದ್ದು ಒಂದು. ಯುಜಿಡಿ (ಒಳಚರಂಡಿ) ಸೋರಿ ಮೋರಿಗೆ ಬರ್ತಿದ್ದರೆ ಎರಡನೆಯದರಲ್ಲಿ ಗೊತ್ತಾಗುತ್ತೆ. "ಒಟ್ಟು ಫಾಸ್ಫರಸ್" ಅಂತಲೇ ಬರೆಸಿ. ಬಾಟಲಿ ಲ್ಯಾಬಿನವರದ್ದೇ ಇಸ್ಕೊಳ್ಳಿ, ಮನೇಲಿ ಸೋಪಿನಪುಡಿಯಲ್ಲಿ ತೊಳೆದದ್ದು ಬೇಡ. ಐಸ್ ಡಬ್ಬದಲ್ಲಿಟ್ಟು ಅವತ್ತೇ ತಲುಪಿಸಿ.

ಏರಿಮೇಲೆ_ಮೈಸೂರು:
ಸರಿ ಮೇಡಂ. ರಿಪೋರ್ಟ್ ಬಂದಮೇಲೆ ಇಲ್ಲೇ ಹಾಕ್ತೀನಿ.