ಎರಡು ಅಡಿಯ ತೊಟ್ಟಿಗೆ ಯಾವ ಮೀನು? ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಚರ್ಚೆ

ಬೆಂಗಳೂರು ಚಿಕ್ಕಪ್ಪ: ಮೇಲೆ ಹಾಕಿರುವ ಚಿತ್ರವನ್ನು ಎಲ್ಲರೂ ನೋಡಿ. ಗಿಡ ನೆಟ್ಟ ಅಕ್ವೇರಿಯಂಗೆ ಒಪ್ಪುವ ಗುಂಪು ಮೀನುಗಳೆಂದು ನಿಯಾನ್ ಟೆಟ್ರಾ, ಕಾರ್ಡಿನಲ್ ಟೆಟ್ರಾ, ಟೈಗರ್ ಬಾರ್ಬ್, ಜೀಬ್ರಾ ಡೇನಿಯೊ, ಮಿಸ್ ಕೇರಳ ಎಂಬ ಐದು ಬಗೆಗಳನ್ನು ಕೊಟ್ಟಿದ್ದಾರೆ. ಕಳೆದ ವಾರ ಹಾಲ್‌ನಲ್ಲಿ ಇಟ್ಟ ಎರಡು ಅಡಿಯ ತೊಟ್ಟಿಗೆ ಒಂದೊಂದರಲ್ಲಿ ನಾಲ್ಕರಂತೆ ಇಪ್ಪತ್ತು ಮೀನು ಬೇಕೆಂದು ಅಂಗಡಿಯವರಿಗೆ ಹೇಳಿಟ್ಟಿದ್ದೇನೆ; ಭಾನುವಾರ ತರುತ್ತೇನೆ.

ನಾನು: ಚಿಕ್ಕಪ್ಪ, ದಯವಿಟ್ಟು ಈ ಭಾನುವಾರ ತರಬೇಡಿ. ಆ ಪಟ್ಟಿಯಲ್ಲಿ ತೊಟ್ಟಿಯ ಅಳತೆಯೂ ಇಲ್ಲ, ನೀರಿನ ಮಾತೂ ಇಲ್ಲ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 56 ಲೀಟರ್ ಹಿಡಿಯುತ್ತದೆ. ಮಣ್ಣು, ಕಲ್ಲು, ಕಟ್ಟಿಗೆ ಹಾಕಿದ ಮೇಲೆ 45 ಲೀಟರ್ ಉಳಿದರೆ ಹೆಚ್ಚು. ಹಿಂಡಿನಲ್ಲಿ ಬಾಳುವ ಮೀನಿಗೆ ತನ್ನದೇ ಜಾತಿಯ ಜೊತೆ ಬೇಕು, ಆರಕ್ಕಿಂತ ಕಡಿಮೆಯಾದರೆ ಅದು ಬೆದರಿ ಗಿಡದ ಮರೆಯಲ್ಲೇ ನಿಲ್ಲುತ್ತದೆ, ಬಣ್ಣ ಮಂಕಾಗುತ್ತದೆ. ಟೈಗರ್ ಬಾರ್ಬ್‌ನದು ಬೇರೆ ಸಮಸ್ಯೆ: ಹಿಂಡು ಚಿಕ್ಕದಾದಷ್ಟೂ ಅದು ಪಕ್ಕದ ಮೀನುಗಳ ರೆಕ್ಕೆ ಕಚ್ಚುವುದು ಹೆಚ್ಚಾಗುತ್ತದೆ. ಒಂದೇ ಜಾತಿಯ ಹತ್ತು ಹನ್ನೆರಡು ಮೀನು ಆ ತೊಟ್ಟಿಗೆ ಸಾಕು. ಅವು ಒಟ್ಟಾಗಿ ತಿರುಗುವುದನ್ನು ನೋಡುವುದಕ್ಕೇ ಅಲ್ಲವೇ ನಾವು ಗುಂಪು ಮೀನು ತರುವುದು?

ಮಂಗಳೂರು ಅತ್ತೆ: ಒಂದೇ ಜಾತಿ ಎನ್ನುವುದಾದರೆ ಮಿಸ್ ಕೇರಳವನ್ನೇ ಇಟ್ಟುಕೊಳ್ಳಿ. ನಮ್ಮ ಘಟ್ಟದ ಹೊಳೆಗಳ ಮೀನು ಕಣ್ಣೆದುರು ಇರುವಾಗ ಅಮೆಜಾನಿನ ಮೀನಿಗೆ ಯಾಕೆ ಆಸೆಪಡಬೇಕು?

ನಾನು: ಅತ್ತೆ, ನಮ್ಮ ಮೀನೆಂಬ ಅಭಿಮಾನ ನನಗೂ ಇದೆ. ಫ್ರಾನ್ಸಿಸ್ ಡೇ 1865ರಲ್ಲಿ ವಿವರಿಸಿದ ಈ ಮೀನು ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಸಿಗುವುದಿಲ್ಲ. 2013ರಲ್ಲಿ ಅದರ ಕುಲಕ್ಕೆ ಸಹ್ಯಾದ್ರಿಯ ಹೆಸರನ್ನೇ ಇಟ್ಟರು. ಆದರೆ ಅಂಗಡಿಯಲ್ಲಿ ಬೆರಳುದ್ದ ಕಾಣುವ ಮರಿ ಬೆಳೆದರೆ 11 ಸೆಂಟಿಮೀಟರ್ ದಾಟುತ್ತದೆ. ಬಂಡೆಗಳ ನಡುವೆ ರಭಸವಾಗಿ ಹರಿಯುವ, ಆಮ್ಲಜನಕ ತುಂಬಿದ ನೀರಿನಲ್ಲಿ ಈಜಿ ಬೆಳೆದ ಜಾತಿ ಅದು. ನಾಲ್ಕಡಿಗಿಂತ ಚಿಕ್ಕ ತೊಟ್ಟಿಯಲ್ಲಿ ಅದಕ್ಕೆ ತಿರುಗಲೂ ಜಾಗವಿರುವುದಿಲ್ಲ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದಲೇ ಅತಿಯಾಗಿ ಹಿಡಿದದ್ದರಿಂದ ಅದು ಅಳಿವಿನ ಅಪಾಯದಲ್ಲಿರುವ ಜಾತಿಗಳ ಪಟ್ಟಿ ಸೇರಿದೆ. ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮರಿಯೆಂದು ಖಚಿತವಾಗದೆ ಅದನ್ನು ಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಮಂಗಳೂರು ಅತ್ತೆ: ಹೊಳೆಯ ವಿಷಯ ನನಗೆ ತಿಳಿದಿರಲಿಲ್ಲ. ಹಾಗಿದ್ದರೆ ಬೇಡ.

ಬೆಂಗಳೂರು ಚಿಕ್ಕಪ್ಪ: ಸರಿ, ಮಿಸ್ ಕೇರಳ ಬಿಟ್ಟೆ. ಹನ್ನೆರಡು ನಿಯಾನ್ ತರುತ್ತೇನೆ. ಇದಕ್ಕೂ ತಕರಾರಿದೆಯೇ?

ನಾನು: ನಿಮ್ಮ ಮನೆಯ ನೀರಿನ ಬಗ್ಗೆ ತಕರಾರಿದೆ. ನಿಮ್ಮದು ಬೋರ್‌ವೆಲ್ ನೀರು, ನಲ್ಲಿಯ ಮೇಲೆಲ್ಲ ಬಿಳಿ ಕಲೆ ಕೂರುತ್ತದೆ, ಹೋದ ತಿಂಗಳು ಮೀಟರ್ ಇಟ್ಟಾಗ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಾಂಶ, 700 ತೋರಿಸಿತ್ತು. ನಿಯಾನ್‌ನ ಮೂಲ ಅಮೆಜಾನ್ ಕೊಳ್ಳದ ಪಶ್ಚಿಮ ಭಾಗದ ತೊರೆಗಳು. ಅಲ್ಲಿಯ ನೀರು ಬಹಳ ಮೃದು, ತುಸು ಹುಳಿ. ಕಾರ್ಡಿನಲ್‌ನ ತವರಾದ ರಿಯೊ ನೀಗ್ರೊ ನೀರಿನಲ್ಲಂತೂ ಖನಿಜಾಂಶ ಇಲ್ಲವೆನ್ನುವಷ್ಟು ಕಡಿಮೆ.

ಮೈಸೂರು ಅಣ್ಣ: ಪುಟ್ಟಿ, ಇಷ್ಟು ಹೆದರಿಸುವುದು ಸರಿಯಲ್ಲ. ಮಾರುಕಟ್ಟೆಗೆ ಬರುವ ನಿಯಾನ್‌ಗಳಲ್ಲಿ ಹೆಚ್ಚಿನವು ಈಗ ಸಾಕಣೆ ಕೇಂದ್ರಗಳಲ್ಲೇ ಹುಟ್ಟಿದವು. ನಮ್ಮ ಮನೆಯ ನಲ್ಲಿ ನೀರಿನಲ್ಲಿ ಹತ್ತು ನಿಯಾನ್ ಎರಡು ವರ್ಷದಿಂದ ಚೆನ್ನಾಗಿವೆ.

ನಾನು: ಅಣ್ಣ, ನೀವು ಹೇಳುವುದರಲ್ಲಿ ಸತ್ಯವಿದೆ, ಸಾಕಿದ ಮೀನು ಕಾಡಿನ ಮೀನಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ನಿಮ್ಮದು ನದಿಯ ನೀರು, ಚಿಕ್ಕಪ್ಪನದು ನೆಲದಾಳದ ಗಡಸು ನೀರು. ಆರ್‌ಒ ನೀರನ್ನು ಅರ್ಧಕ್ಕರ್ಧ ಬೆರೆಸಿದರೆ 700 ಇದ್ದದ್ದು ಸುಮಾರು 375ಕ್ಕೆ ಇಳಿಯುತ್ತದೆ, ಆಗ ಸಾಕಿದ ನಿಯಾನ್ ಬಾಳಬಹುದು. ಆದರೆ ಪ್ರತಿ ವಾರ ನೀರು ಬದಲಿಸುವಾಗಲೂ ಅದೇ ಪ್ರಮಾಣದಲ್ಲಿ ಬೆರೆಸಬೇಕು; ಒಂದು ವಾರ ಮರೆತು ನೇರ ಬೋರ್ ನೀರು ಸುರಿದರೆ ಆ ಏರುಪೇರೇ ಮೀನನ್ನು ಸೋಲಿಸುತ್ತದೆ.

ಇದ್ದ ನೀರಿಗೆ ತಕ್ಕ ಮೀನು ಹುಡುಕುವುದು ಇದಕ್ಕಿಂತ ಸುಲಭ ಎಂಬುದು ನನ್ನ ವಾದ. ಅಂಗಡಿಗಳಲ್ಲಿ ಗ್ಯಾಲಕ್ಸಿ ರಾಸ್ಬೋರಾ ಎಂದು ಮಾರುವ ಪುಟ್ಟ ಮೀನಿದೆ, ಕಡುನೀಲಿ ಮೈಮೇಲೆ ಮುತ್ತಿನ ಚುಕ್ಕೆ, ಕೆಂಪು ರೆಕ್ಕೆ. ಮ್ಯಾನ್ಮಾರ್‌ನ ಶಾನ್ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದ, ಗಿಡ ಕಿಕ್ಕಿರಿದ ಆಳವಿಲ್ಲದ ಹೊಂಡಗಳಲ್ಲಿ ಇದು 2006ರಲ್ಲಿ ಸಿಕ್ಕಿತು. ಅಲ್ಲಿಯ ನೀರು ತುಸು ಕ್ಷಾರೀಯ. ಹಿಡಿದು ಹಿಡಿದು ಮುಗಿಸಿಬಿಡುತ್ತಾರೆಂದು ಆಗ ಎಲ್ಲರಿಗೂ ಆತಂಕವಾಗಿತ್ತು. ಆಮೇಲೆ ಬೇರೆ ಹೊಂಡಗಳಲ್ಲೂ ಕಂಡಿತು, ಮನೆಯ ತೊಟ್ಟಿಗಳಲ್ಲೇ ಮರಿಯಾಗತೊಡಗಿತು. ಬೆಳೆದರೂ ಎರಡು ಸೆಂಟಿಮೀಟರ್ ಆಸುಪಾಸು. ತಂಪು ನೀರನ್ನೇ ಬಯಸುವುದರಿಂದ ಬೆಂಗಳೂರಿನ ಚಳಿಗೆ ಹೀಟರ್ ಕೂಡ ಬೇಕಾಗಲಾರದು.

ಮೈಸೂರು ಅಣ್ಣ: ಅದು ನಾಚಿಕೆಯ ಮೀನು. ನಿಯಾನ್‌ನಂತೆ ಎದುರಿಗೆ ಬಂದು ಸಾಲಾಗಿ ಈಜುವುದಿಲ್ಲ. ಹಾಲ್‌ಗೆ ಬಂದವರು ಬರಿಯ ಗಿಡವನ್ನೇ ನೋಡಿ ಹೋಗಬೇಕಾಗುತ್ತದೆ.

ನಾನು: ಒಪ್ಪುತ್ತೇನೆ, ಅದರ ಹಿಂಡು ಸಡಿಲ. ಹಿಂದೆ ಒತ್ತಾಗಿ ಗಿಡ, ಮುಂದೆ ಬಯಲು ಬಿಟ್ಟು, ಹನ್ನೆರಡನ್ನು ಒಟ್ಟಿಗೆ ಬಿಟ್ಟರೆ ಕೆಲವು ವಾರಗಳಲ್ಲಿ ಧೈರ್ಯ ಮಾಡಿ ಹೊರಬರುತ್ತವೆ. ಯಾವ ಮೀನಾದರೂ ಈಗಲೇ ಬೇಡ, ಚಿಕ್ಕಪ್ಪ. ತೊಟ್ಟಿ ಇಟ್ಟು ಒಂದು ವಾರವಾಗಿದೆಯಷ್ಟೇ. ಮೀನಿನ ಕಸದಿಂದ ಹುಟ್ಟಿ ಮೀನಿಗೇ ವಿಷವಾಗುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಗಿಡಗಳಷ್ಟೇ ಬೆಳೆಯಲಿ.

ಬೆಂಗಳೂರು ಚಿಕ್ಕಪ್ಪ: ಅಂಗಡಿಗೆ ಫೋನ್ ಮಾಡಿ ಇಪ್ಪತ್ತು ಮೀನನ್ನೂ ಬೇಡವೆಂದೆ. ಆದರೆ ಗ್ಯಾಲಕ್ಸಿಗೆ ನಾನಿನ್ನೂ ಒಪ್ಪಿಲ್ಲ, ನಿಯಾನ್‌ನ ನೀಲಿ ಗೆರೆ ನನಗೆ ಬಹಳ ಇಷ್ಟ. ಭಾನುವಾರ ನೀರಿನ ಗಡಸುತನ ಅಳೆಯುವ ನಿನ್ನ ಕಿಟ್ ತೆಗೆದುಕೊಂಡು ಊಟಕ್ಕೇ ಬಂದುಬಿಡು. ನಲ್ಲಿಯ ನೀರು, ಬೆರೆಸಿದ ನೀರು ಎರಡನ್ನೂ ಅಳೆದ ಮೇಲೆ ತೀರ್ಮಾನಿಸೋಣ.